ಕವರಿನಲ್ಲಿರುವ ಜುನಿಪರ್‌ಗೆ ಮೊದಲ ಕತ್ತರಿ

ಬೋನ್ಸಾಯ್ ಎಂದರೆ ಮೈಸೂರಿನ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ವನದಲ್ಲಿ ನಿಂತು ನೋಡುವಂಥದ್ದು, ಬೆಲೆ ಕೇಳಲು ಅಂಜುವಂಥದ್ದು ಎಂದುಕೊಂಡವರೇ ಹೆಚ್ಚು. ಕಲಿಯುವವರಿಗೆ ಬೇಕಾದದ್ದು ಅದಲ್ಲ. ನರ್ಸರಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲೇ ಬೆಳೆದು, ಯಾರೂ ಕೊಳ್ಳದೆ ಉಳಿದ ಜುನಿಪರ್ ಸಾಕು. ದಾಂಡೇಲಿ, ಜೋಯಿಡಾದವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ: ಸುತ್ತಲೂ ಕಾಡೇ ಇದ್ದರೂ ಅಲ್ಲಿಂದ ಗಿಡ ಕಿತ್ತು ತರುವುದು ಅಪರಾಧ, ನರ್ಸರಿ ಗಿಡಕ್ಕೆ ಆ ತಂಟೆಯಿಲ್ಲ.

ಜುನಿಪರ್ ನಮ್ಮ ಸೀಮೆಯ ಗಿಡವಲ್ಲ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರಿಗೆ ಅದು ಧೂಪದ ಸೊಪ್ಪಾಗಿ ಗೊತ್ತು. ಅವರ ಮೂಲನಾಡಿನಲ್ಲಿ ಪೂಜೆಗೆ ಸುಡುವುದು ಇದೇ ಕುಲದ ಮರಗಳನ್ನು. ನರ್ಸರಿಗೆ ಬರುವುದು ಹೆಚ್ಚಾಗಿ ಚೀನಾ, ಜಪಾನ್ ಮೂಲದ ತಳಿ. ಎರಡಕ್ಕೂ ತಂಪೇ ಇಷ್ಟ. ಹಾಗಾಗಿ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಚಳಿದಿನಗಳೇ ಲೇಸು.

ಕೊಳ್ಳುವಾಗ ಸೊಪ್ಪಿನ ಸೊಂಪಿಗೆ ಮರುಳಾಗಬೇಡಿ. ಟೊಂಗೆ ಸರಿಸಿ ಬುಡ ನೋಡಿ; ದಪ್ಪವಾಗಿ, ಕೊಂಚ ಓರೆಯಾಗಿದ್ದರೆ ಅದನ್ನೇ ಆರಿಸಿ. ಮನೆಗೆ ತಂದು ಮೇಲಿನ ಮಣ್ಣನ್ನು ಬೆರಳಿನಿಂದ ಕೆರೆದರೆ, ಬೇರು ಕವಲೊಡೆಯುವ ಜಾಗ ಒಂದೆರಡು ಅಂಗುಲ ಕೆಳಗೆ ಹೂತಿರುವುದು ಕಾಣುತ್ತದೆ. ಮರದ ಎತ್ತರ ಲೆಕ್ಕಕ್ಕೆ ಬರುವುದು ಅಲ್ಲಿಂದ. ಯಾವ ಬದಿ ಮುಂದೆ ಎಂದು ತೀರ್ಮಾನಿಸುವವರೆಗೆ ಕತ್ತರಿ ಮುಟ್ಟಬಾರದು.

ಮೊದಲು ಒಣಗಿದ ಕಡ್ಡಿ, ಕೆಳಕ್ಕೆ ಇಳಿಬಿದ್ದ ಚಿಗುರು, ಒಂದೇ ಕಡೆಯಿಂದ ಹೊರಟ ಮೂರು-ನಾಲ್ಕು ಟೊಂಗೆಗಳಲ್ಲಿ ಎರಡು ಬಿಟ್ಟು ಉಳಿದವನ್ನು ತೆಗೆಯಿರಿ. ಇಲ್ಲಿಯೇ ಹೊಸಬರು ಎಡವುವುದು. ಗೋಡೆ ಬಿರುಕಿನಲ್ಲಿ ಹುಟ್ಟುವ ಅರಳಿಯನ್ನು ಮೋಟು ಮಾಡಿದರೂ ಚಿಗುರುತ್ತದೆ. ಜುನಿಪರ್‌ನ ಟೊಂಗೆಯಲ್ಲಿ ಹಸಿರು ಪೂರ್ತಿ ಹೋದರೆ ಆ ಟೊಂಗೆ ಸತ್ತಂತೆಯೇ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೊಪ್ಪು ಒಂದೇ ಸಲಕ್ಕೆ ಬೇಡ. ನಿಜ ಹೇಳಬೇಕೆಂದರೆ ನಮ್ಮ ಹವೆಗೆ ಅರಳಿ, ಗೋಣಿಯೇ ಸುಲಭ. ಆದರೆ ಕೈ ಹಿಡಿತ ಕಲಿಸುವುದು ಜುನಿಪರ್.

ತೆಗೆಯಬೇಕಾದ ಒಂದು ಟೊಂಗೆಯನ್ನು ಪೂರ್ತಿ ಕತ್ತರಿಸದೆ, ಮೋಟನ್ನು ಉಳಿಸಿ ತೊಗಟೆ ಸುಲಿದರೆ ಸಿಡಿಲು ಬಡಿದ ಹಳೆಯ ಮರದ ಕಳೆ ಬರುತ್ತದೆ. ಇದು ಒಂದೇ ಸಾಕು. ಹತ್ತು ಕಡೆ ಸುಲಿದರೆ ನಾಟಕದ ಸೀನರಿಯಾಗುತ್ತದೆ.

ಇನ್ನು ತಂತಿ. ಟೊಂಗೆಯ ದಪ್ಪದ ಮೂರನೇ ಒಂದು ಭಾಗದಷ್ಟಿರುವ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿ, ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಬಗ್ಗಿಸಿ. ತೊಗಟೆಗೆ ಅದು ಕಚ್ಚುವ ಮೊದಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ಟೊಂಗೆ ಮುರಿದೀತು.

ಟಿ.ವಿ. ಪಕ್ಕದಲ್ಲಿ ಇಟ್ಟ ಜುನಿಪರ್ ಬದುಕುವುದಿಲ್ಲ. ಬೆಳಗಿನ ಬಿಸಿಲು ಬೀಳುವ ಅಂಗಳವೇ ಅದರ ಜಾಗ. ಹಳಿಯಾಳ, ಮುಂಡಗೋಡದಲ್ಲಿ ಬೇಸಗೆಯ ಮಧ್ಯಾಹ್ನಕ್ಕೆ ನೆರಳು, ಜೋಯಿಡಾದಲ್ಲಿ ಜಡಿಮಳೆಗೆ ಪಾರದರ್ಶಕ ಮಾಡು ಬೇಕು. ಬೇರು ಕೊಳೆತು ಸತ್ತರೂ ಸೊಪ್ಪು ವಾರಗಟ್ಟಲೆ ಹಸಿರಾಗಿಯೇ ಇರುವುದರಿಂದ ಎಲೆ ನೋಡಿ ನೀರು ಹಾಕಬೇಡಿ. ಮಣ್ಣಿಗೆ ಬೆರಳು ಹಾಕಿ ನೋಡಿ. ಚಪ್ಪಟೆ ಕುಂಡದ ಆಸೆ ಮಾತ್ರ ಈ ವರ್ಷ ಬೇಡ. ಕತ್ತರಿಸಿದ ಗಾಯ ಮಾಗಿ, ಹೊಸ ಚಿಗುರು ಬಂದು, ಮುಂದಿನ ಚಳಿ ಕಾಲಿಟ್ಟ ಮೇಲೆ ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಗೊಬ್ಬರ ಬೆರೆಸಿ ಕುಂಡಕ್ಕೆ ಇಳಿಸಿದರಾಯಿತು.