ಅಂಗಾತ, ಬೋರಲು, ಮಗ್ಗುಲು

ಮೇಜಿನ ಮೇಲಿನ ಮುಧೋಳ ನಾಯಿಗೆ ಈಗ ಅರೆನಿದ್ದೆ. ನಿನ್ನೆ ಸಂಜೆ ಹೊಲದ ತಂತಿಬೇಲಿ ಹಾರುವಾಗ ಬಲ ಮುಂಗಾಲು ಸಿಕ್ಕಿಕೊಂಡಿತಂತೆ; ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ ಬಾತುಕೊಂಡಿದೆ. ಮಂಪರಿನ ಸೂಜಿ ಹತ್ತಿದೆ. ಕಣ್ಣು ಪೂರ್ತಿ ಮುಚ್ಚಿಲ್ಲ, ನಾಲಿಗೆಯ ತುದಿ ಹಲ್ಲಿನ ಸಂದಿಯಿಂದ ಹೊರಗೆ ಜಾರಿದೆ. ಎಕ್ಸ್‌ರೇ ಮೇಜು ತಣ್ಣಗಿರುತ್ತದೆಂದು ಅಟೆಂಡರ್ ಕಾಕಾ ಹಳೆಯ ಕೌದಿಯೊಂದನ್ನು ಮಡಿಸಿ ಅದರ ಮೈಯಡಿಗೆ ಹಾಸಿದ್ದಾರೆ. ನೋವಿನ ಕಾಲಿನ ಕೆಳಗೆ ಮಾತ್ರ ಹಾಸಿಲ್ಲ. ದಾರದ ಗಂಟು, ಒದ್ದೆ ಕೂದಲು, ರೋಮಕ್ಕೆ ಅಂಟಿದ ಕೆಸರು, ಎಲ್ಲಕ್ಕೂ ನೆರಳಿದೆ. ಅವೆಲ್ಲ ಚಿತ್ರದಲ್ಲಿ ಮೂಳೆಯ ಮೇಲೆಯೇ ಬಂದು ಕೂರುತ್ತವೆ.

"ಸೂಜಿ ಮಾಡೀರಿ, ಮತ್ತ ಏಳತೈತಿಲ್ರೀ ಮೇಡಂ?" ಬಾಗಿಲಾಚೆಯಿಂದ ಯಜಮಾನರು ಮೂರನೆಯ ಸಲ ಕೇಳಿದರು.

"ಏಳತೈತ್ರೀ. ನೀವು ಅಲ್ಲೇ ಬೆಂಚಿನ ಮ್ಯಾಲ ಕುಂದರ್ರಿ."

ಮುರಿದಿರಬಹುದಾದ ಕಾಲನ್ನು ಹಿಡಿದು ನೆಟ್ಟಗೆ ಚಾಚುವುದು ಈ ಕೋಣೆಯ ಕೆಲಸ. ಎಚ್ಚರವಿದ್ದ ನಾಯಿಗೆ ಅದು ಹಿಂಸೆ. ನೋವಿಗೆ ಅದು ಮೈ ಬಿಗಿಹಿಡಿಯುತ್ತದೆ, ಬಿಗಿಹಿಡಿದ ಮೈ ಓರೆಯಾಗುತ್ತದೆ, ಓರೆಯಾದ ಮೂಳೆಯ ಚಿತ್ರ ಸುಳ್ಳು ಹೇಳುತ್ತದೆ. ಎಕ್ಸ್‌ರೇ ಎಂದರೆ ನೆರಳು, ಅಷ್ಟೇ. ಜಾತ್ರೆಯಲ್ಲಿ ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೊಂಬೆ ಪರದೆಗೆ ಒತ್ತಿಕೊಂಡಿದ್ದರೆ ಕಿರೀಟದ ಒಂದೊಂದು ತೂತೂ ಕಾಣುತ್ತದೆ. ದೀಪದ ಕಡೆ ಸರಿಸಿದರೆ ಹಿಗ್ಗಿ ಮಸುಕಾಗುತ್ತದೆ. ಓರೆ ತಿರುಗಿಸಿದರೆ ಭೀಮನೂ ಕಡ್ಡಿಯಾಗುತ್ತಾನೆ. ಆದ್ದರಿಂದ ನೋವಿನ ಕಾಲು ಯಾವಾಗಲೂ ಕೆಳಗೆ, ಪ್ಲೇಟಿಗೆ ತಾಗಿ. ಒಳ್ಳೆಯ ಕಾಲನ್ನು ಹಿಂದಕ್ಕೆಳೆದು ಕಟ್ಟಬೇಕು.

ಕಾಕಾ ನಾಯಿಯನ್ನು ಬಲ ಮಗ್ಗುಲಿಗೆ ಹೊರಳಿಸಿದರು. ಕುತ್ತಿಗೆಗೆ ಅಡ್ಡಲಾಗಿ ಮರಳಿನ ಚೀಲ ಇಟ್ಟರು. ಆ ಚೀಲ ತುಂಬಿ ತುಳುಕುವಂತಿರಬಾರದು. ಅರ್ಧ ಖಾಲಿಯಿದ್ದರೇ ಮೈಗೆ ಬಾಗಿ ಕೂರುತ್ತದೆ, ಉಸಿರು ಕಟ್ಟುವುದಿಲ್ಲ. ಪಾದ ಮೇಲೆದ್ದಿತ್ತು, ಅದಕ್ಕೆ ಗಾಜ್ ಬಟ್ಟೆಯ ಕುಣಿಕೆ ಹಾಕಿ ಮೆಲ್ಲಗೆ ಎಳೆದು ಕಟ್ಟಿದರು. ಮೊಣಕೈ ತುಸು ತಿರುಚಿತ್ತು, ಅದರಡಿಗೆ ಓರೆ ಕತ್ತರಿಸಿದ ಸ್ಪಂಜಿನ ತುಂಡು ತುರುಕಿದರು. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದ ಬೆರಳುಗಳು. ಎಲ್ಲಿ ಮುಟ್ಟಿದರೆ ನಾಯಿ ನಿದ್ದೆಯಲ್ಲೂ ನರಳುತ್ತದೆಂದು ಅವಕ್ಕೆ ಗೊತ್ತು. "ಮಲ್ಕೋ ನನ್ನಪ್ಪಾ, ಆತು ಆತು," ಎನ್ನುತ್ತ ಬಲಗಾಲೆಂಬ ಗುರುತಿಗೆ ಸೀಸದ 'ಆರ್' ಅಕ್ಷರವನ್ನು ಕಾಲಿನ ಮುಂಬದಿಗೆ ಇಟ್ಟರು. ಮೇಲಿನಿಂದ ಬಿದ್ದ ಬೆಳಕಿನ ಚೌಕವನ್ನು ನಾನು ಕಿರಿದು ಮಾಡುತ್ತ ಬಂದೆ. ಮೊಣಕೈ ಕೀಲೂ ಒಳಗಿರಬೇಕು, ಮಣಿಕಟ್ಟಿನ ಕೀಲೂ ಒಳಗಿರಬೇಕು. ಉದ್ದ ಮೂಳೆಯ ಚಿತ್ರಕ್ಕೆ ಮೇಲಿನದೊಂದು, ಕೆಳಗಿನದೊಂದು ಕೀಲು ಬೇಕೇ ಬೇಕು. ಮುರಿದ ತುಂಡು ಎತ್ತ ತಿರುಗಿದೆ ಎಂಬುದನ್ನು ಹೇಳುವವು ಅವೇ.

ಎಲ್ಲರೂ ಹೊರಗೆ. ಕೆಂಪು ದೀಪ ಹೊತ್ತಿತು, ಆರಿತು.

ಈ "ಎಲ್ಲರೂ ಹೊರಗೆ" ಎಂಬ ಮಾತನ್ನು ಒತ್ತಿ ಹೇಳಬೇಕು. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ ಮೇಲಿನ ವರ್ಷಗಳಲ್ಲಿ ಈ ಕಿರಣವನ್ನು ಆಟಿಕೆಯಂತೆ ಬಳಸಿದ ಎಷ್ಟೋ ಜನ ಬೆರಳು ಕಳೆದುಕೊಂಡರು, ಜೀವವನ್ನೂ ಕಳೆದುಕೊಂಡರು. ಸೀಸದ ಕೈಗವಸು ತಡೆಯುವುದು ಅತ್ತಿತ್ತ ಚದುರಿದ ಕಿರಣವನ್ನು. ನೇರ ಕಿರಣದಡಿ ಗವಸು ತೊಟ್ಟ ಕೈಯೂ ಇರಬಾರದು. ಆದರೂ ಯಜಮಾನನ ಬರಿಗೈಯಲ್ಲೇ ನಾಯಿ ಹಿಡಿಸಿ ಚಿತ್ರ ತೆಗೆಯುವುದನ್ನು ನಾನು ಕಂಡಿದ್ದೇನೆ, ಬಸುರಿ ಹೆಂಗಸು ಬೆಕ್ಕು ಹಿಡಿದು ನಿಂತದ್ದನ್ನೂ ಕಂಡಿದ್ದೇನೆ. ಒಂದು ಸೂಜಿ, ಎರಡು ಮರಳಿನ ಚೀಲ ಇದ್ದರೆ ತಪ್ಪುವ ಅಪಾಯ ಅದು. ನೆನೆದಾಗಲೆಲ್ಲ ಸಿಟ್ಟು ಬರುತ್ತದೆ.

ಮಗ್ಗುಲಾದ ಮೇಲೆ ಬೋರಲು. ಎರಡನೆಯ ಚಿತ್ರ ಮೊದಲಿನದಕ್ಕೆ ತೊಂಬತ್ತು ಡಿಗ್ರಿಯಲ್ಲಿರಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮರಿಯೊಂದರ ಹಿಂಗಾಲಿಗೆ ಒಂದೇ ಚಿತ್ರ ತೆಗೆದು, ಮೂಳೆ ಸರಿಯಿದೆ ಎಂದು ಕಳಿಸಿಬಿಟ್ಟಿದ್ದೆ. ಮೂರು ದಿನಕ್ಕೆ ಅದು ಕಾಲೂರದೆ ವಾಪಸು ಬಂತು. ಇನ್ನೊಂದು ಕಡೆಯಿಂದ ತೆಗೆದರೆ, ಪಕ್ಕಕ್ಕೆ ಜರುಗಿದ ತುಂಡು ಎದ್ದು ಕಾಣುತ್ತಿತ್ತು. ಮೊದಲ ಚಿತ್ರದಲ್ಲಿ ಅದು ಮೂಳೆಯದೇ ನೆರಳಿನ ಹಿಂದೆ ಅಡಗಿತ್ತು. ಆ ಮರಿಯ ಮೂರು ದಿನದ ನೋವು ನನ್ನಿಂದಾದದ್ದು. ಅಂದಿನಿಂದ ಒಂದೇ ಚಿತ್ರಕ್ಕೆ ಕೈ ತೊಳೆದುಕೊಂಡದ್ದಿಲ್ಲ.

ಮುಧೋಳದ ಎದೆ ಆಳ, ಅಗಲ ಕಡಿಮೆ. ಬೋರಲು ಮಲಗಿಸಿದರೆ ದೋಣಿಯಂತೆ ಪಕ್ಕಕ್ಕೆ ವಾಲುತ್ತದೆ. ಎರಡೂ ಪಕ್ಕೆಗೆ ಚೀಲ ಆನಿಸಿ, ಮುಂಗಾಲನ್ನು ಮುಂದಕ್ಕೆ ಚಾಚಿ, ತಲೆಯನ್ನು ಎಡಕ್ಕೆ ಹೊರಳಿಸಿ ಇಟ್ಟೆವು. ಇಲ್ಲದಿದ್ದರೆ ತಲೆಯ ನೆರಳೇ ಮೊಣಕೈಯನ್ನು ನುಂಗುತ್ತದೆ. ಪರದೆಯ ಮೇಲೆ ಎರಡೂ ಚಿತ್ರ ಮೂಡಿದವು: ರೇಡಿಯಸ್, ಅಲ್ನಾ ಎರಡೂ ಮುರಿದಿವೆ, ಕೀಲುಗಳು ಚೊಕ್ಕವಾಗಿವೆ. ಕೂಡಿಸಬಹುದು.

ಅಂಗಾತದ್ದು ಬೇರೆಯೇ ಪಾಠ. ಮೊನ್ನೆ ಎರಡು ವರ್ಷದ ಲ್ಯಾಬ್ರಡಾರ್ ಬಂದಿತ್ತು. ಮರಿ ಹಾಕಿಸುವ ಮೊದಲು ಸೊಂಟ ನೋಡಿಸಬೇಕೆಂದು ಮನೆಯವರು ತಂದಿದ್ದರು. ಇಂಥ ವಿವೇಕ ಕಂಡರೆ ಸಂತೋಷವಾಗುತ್ತದೆ. ಸಡಿಲ ಸೊಂಟದ ಕೀಲು ತಾಯಿ-ತಂದೆಯಿಂದ ಮರಿಗೆ ಬರುವ ಕಾಯಿಲೆ. ಅಮೆರಿಕದಲ್ಲಿ ಜಾನ್ ಓಲಿನ್ 1966ರಲ್ಲಿ ಇದಕ್ಕೆಂದೇ ಸಂಸ್ಥೆ ಕಟ್ಟಿದರು. ಅದು ಎರಡು ವರ್ಷ ತುಂಬದೆ ಸೊಂಟಕ್ಕೆ ಅಂತಿಮ ದರ್ಜೆ ಕೊಡುವುದಿಲ್ಲ. ಲ್ಯಾಬ್ರಡಾರನ್ನು ತೊಟ್ಟಿಯಂಥ ಹಾಸಿನಲ್ಲಿ ಅಂಗಾತ ಇಟ್ಟು, ಹಿಂಗಾಲೆರಡನ್ನೂ ಜೋಡಿಯಾಗಿ ಹಿಂದಕ್ಕೆ ಚಾಚಿ, ಮಂಡಿಗಳನ್ನು ಒಳಕ್ಕೆ ತಿರುಗಿಸಿ ಪಟ್ಟಿ ಸುತ್ತಿದೆವು. ಮಂಡಿಚಿಪ್ಪು ತೊಡೆಮೂಳೆಯ ನಟ್ಟನಡುವೆ ಕೂರಬೇಕು. ಸೊಂಟದ ಮೂಳೆಯಲ್ಲಿ ಎರಡು ಕಿಂಡಿಗಳಿವೆ, ಚಿತ್ರದಲ್ಲಿ ಎರಡೂ ಒಂದೇ ಅಳತೆಯಲ್ಲಿ ಕಾಣಬೇಕು. ಮೊದಲ ಚಿತ್ರದಲ್ಲಿ ಎಡಗಿಂಡಿ ಸಣ್ಣದಿತ್ತು. ನಾಯಿ ಕೂದಲೆಳೆಯಷ್ಟು ವಾಲಿತ್ತು, ಅಷ್ಟಕ್ಕೇ ಒಂದು ಕೀಲಿನ ಗುಂಡಿ ಆಳ ಕಡಿಮೆಯಿದ್ದಂತೆ ತೋರುತ್ತಿತ್ತು. ಮತ್ತೆ ತೆಗೆದಾಗ ಎರಡೂ ಕೀಲು ಗಟ್ಟಿಯಾಗಿಯೇ ಇದ್ದವು.

ಹೊರಗೆ ಬುಟ್ಟಿಯಲ್ಲಿ ಮೂರನೆಯ ಮಹಡಿಯಿಂದ ಬಿದ್ದ ಬೆಕ್ಕು ಕಾಯುತ್ತಿದೆ. ಬೆಕ್ಕಿಗೆ ಬಲ ನಡೆಯುವುದಿಲ್ಲ. ಹೆಚ್ಚು ಅದುಮಿದಷ್ಟೂ ಹೆಚ್ಚು ಕೊಸರುತ್ತದೆ. ಸೂಜಿ ಹತ್ತುವವರೆಗೆ ಕಣ್ಣಿಗೆ ಟವೆಲು, ಸಣ್ಣ ದನಿ, ಮುಚ್ಚಿದ ಬಾಗಿಲು. ಇಂಟರ್ನ್‌ಶಿಪ್‌ಗೆ ಬಂದ ಹುಡುಗಿಗೆ ಮೊದಲೇ ಹೇಳಿಟ್ಟೆ: ಎದೆಯ ಮುಂದೆ ಮೀನಿನ ಮುಳ್ಳಿನಂತೆ ಎರಡು ಸಣ್ಣ ಬಾಗಿದ ಮೂಳೆ ಕಾಣುತ್ತವೆ, ಗಂಟಲಲ್ಲಿ ಸಿಕ್ಕಿದ್ದೆಂದು ಗಾಬರಿಯಾಗಬೇಡ, ಅವು ಬೆಕ್ಕಿನ ಕೊರಳೆಲುಬು. ಯಾವ ಮೂಳೆಗೂ ಕೂಡಿಕೊಳ್ಳದೆ ಮಾಂಸದ ನಡುವೆ ತೇಲುತ್ತಿರುತ್ತವೆ.

ಬೆಂಚಿನ ಬಳಿ ಮುಧೋಳ ನಾಯಿ ಕಣ್ಣು ಬಿಟ್ಟಿತ್ತು. ಯಜಮಾನರು ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಗೇರಿಸಿಕೊಂಡಿದ್ದರು. ಬಾಲದ ತುದಿ ಒಂದೇ ಒಂದು ಸಲ ನೆಲಕ್ಕೆ ಬಡಿಯಿತು. ಒಳಗೆ ಕಾಕಾ ಸ್ಪಂಜಿನ ಮೇಲಿನ ಜೊಲ್ಲು ಒರೆಸಿ, ಕೌದಿ ಕೊಡವಿ ಮತ್ತೆ ಮಡಿಸಿ ಹಾಸಿ, ಬೆಕ್ಕಿಗಾಗಿ ದೊಡ್ಡ ದೀಪ ಆರಿಸಿದರು.