ಕಡತದಿಂದ ಪುಸ್ತಕಕ್ಕೆ: ಕನ್ನಡ ಇ-ಪುಸ್ತಕ ಕಟ್ಟುವ ಕೆಲಸ

ಡಿಟಿಪಿ ಬಂದ ಮೇಲೆ ಅಚ್ಚಾದ ಕನ್ನಡ ಪುಸ್ತಕಗಳು ಪ್ರಕಾಶಕರ ಕಂಪ್ಯೂಟರುಗಳಲ್ಲಿ ಪೇಜ್‌ಮೇಕರ್, ನುಡಿ, ಬರಹ, ಶ್ರೀಲಿಪಿ ಕಡತಗಳಾಗಿ ಉಳಿದಿವೆ. ಅದಕ್ಕೂ ಹಿಂದೆ ಮೊಳೆ ಜೋಡಿಸಿ ಅಚ್ಚು ಹಾಕಿದವುಗಳಲ್ಲಿ ಎಷ್ಟೋ ಪುಸ್ತಕಗಳು ಸ್ಕ್ಯಾನ್ ಆಗಿ ಇಂಟರ್‌ನೆಟ್ ಆರ್ಕೈವ್ ಸೇರಿವೆ. ಎರಡನ್ನೂ ಪಿಡಿಎಫ್ ರೂಪದಲ್ಲಿ ಹಂಚಿ ‘ಇ-ಪುಸ್ತಕ ಮಾಡಿದೆವು’ ಎನ್ನುವ ರೂಢಿ ನಮ್ಮಲ್ಲಿದೆ. ಆದರೆ ಮೊಬೈಲಿನಲ್ಲಿ ಆ ಪುಟವನ್ನು ಹಿಗ್ಗಿಸಿ, ಪ್ರತಿ ಸಾಲಿಗೂ ಅತ್ತಿತ್ತ ಎಳೆಯುತ್ತ ಓದಬೇಕು. ಸ್ಕ್ಯಾನ್ ಆದ ಪುಟ ಬರಿಯ ಚಿತ್ರ. ಅದರಲ್ಲಿ ಪದ ಹುಡುಕಲಾಗದು, ದೃಷ್ಟಿದೋಷವಿರುವ ಓದುಗರ ಪರದೆ-ಓದುಗ ತಂತ್ರಾಂಶಕ್ಕೆ ಅದು ದಕ್ಕದು.

ಈ ಕೊರತೆ ನೀಗಲೆಂದೇ ಇರುವುದು ಇಪಬ್. 2007ರಲ್ಲಿ ರೂಪುಗೊಂಡ ಈ ಮಾನಕವನ್ನು 2017ರಿಂದ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿ ನೋಡಿಕೊಳ್ಳುತ್ತಿದೆ. ಇಪಬ್ ಎಂದರೆ ಒಂದು ಜಿಪ್ ಕಟ್ಟು: ಒಳಗೆ ಅಧ್ಯಾಯಗಳ ಪಠ್ಯ, ವಿನ್ಯಾಸದ ಸೂಚನೆ, ಚಿತ್ರಗಳು, ಪರಿವಿಡಿ, ಪುಸ್ತಕದ ವಿವರ. ಓದುಗರು ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಹೊಂದಿಕೊಳ್ಳುತ್ತವೆ.

ಮೊದಲ ಕೆಲಸ ಪಠ್ಯವನ್ನು ಯೂನಿಕೋಡ್‌ಗೆ ತರುವುದು. ಹಳೆಯ ನುಡಿ ಕಡತದಲ್ಲಿ ಕಂಪ್ಯೂಟರಿನ ಮಟ್ಟಿಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ‘ಸೂರ್ಯ’ದ ಅರ್ಕಾವೊತ್ತು ಅಲ್ಲಿ ಕಣ್ಣಿಗೆ ಕಾಣುವಂತೆ ‘ಯ’ದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರವೇ ಮುಂದೆ ಬರಬೇಕು. ಪರಿವರ್ತಕ ತಂತ್ರಾಂಶಗಳು ಇದನ್ನು ಬಹುಪಾಲು ಸರಿಪಡಿಸುತ್ತವೆ, ಆದರೂ ಮನುಷ್ಯರ ಕಣ್ಣು ಹಾಯಲೇಬೇಕು.

ಸ್ಕ್ಯಾನ್ ಪುಟಗಳಿಗೆ ಒಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರ, ಬೇಕು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ಗುರುತಿಸುತ್ತದೆ. ಅಚ್ಚು ಮಸುಕಾದಲ್ಲಿ ‘ಥ’ ‘ಧ’ ಆಗಬಹುದು, ‘ಪ’ ‘ವ’ ಆಗಬಹುದು. ಇವು ಓದುವಾಗ ಸಿಕ್ಕಿಬೀಳುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತರೆ ಮಾತ್ರ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಹುಡುಕಿದಾಗ ಪದ ಸಿಗುವುದಿಲ್ಲ. ಇಂಥವನ್ನು ತಂತ್ರಾಂಶದಿಂದಲೇ ಹುಡುಕಿಸಿ ತಿದ್ದಬೇಕು. ಹಳಗನ್ನಡ ಕೃತಿಯಾದರೆ ‘ಱ’, ‘ೞ’ಗಳ ಮೇಲೂ ನಿಗಾ ಬೇಕು. ಯೂನಿಕೋಡ್‌ನಲ್ಲಿ ಎರಡಕ್ಕೂ ಸ್ಥಾನವಿರುವುದರಿಂದ ‘ರ’, ‘ಳ’ ಹಾಕಿ ಮುಂದೆ ಸಾಗುವ ಅಗತ್ಯವಿಲ್ಲ.

ಇಷ್ಟಾದ ಮೇಲೆ ಕಟ್ಟುವ ಕೆಲಸ. ಶೀರ್ಷಿಕೆಯ ಅಕ್ಷರ ದಪ್ಪ ಮಾಡಿದರೆ ಸಾಲದು, ‘ಇದು ಶೀರ್ಷಿಕೆ’ ಎಂದು ಗುರುತು ಹಾಕಬೇಕು. ಪರಿವಿಡಿ ಮೂಡುವುದು ಆ ಗುರುತಿನಿಂದ, ಕಣ್ಣು ಕಾಣದವರು ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯುವುದೂ ಅದರಿಂದಲೇ. ಅಡಿಟಿಪ್ಪಣಿಗೆ ಹೋಗಿಬರುವ ಕೊಂಡಿ ಇರಬೇಕು. ಪದ್ಯಕ್ಕೆ ಇನ್ನೂ ಹೆಚ್ಚಿನ ಜತನ ಬೇಕು. ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದ. ಚಿಕ್ಕ ಪರದೆಯಲ್ಲಿ ಅವು ಮುರಿದು ಆರು ಸಾಲು ಎಂಟಾಗಿ ಕಾಣುತ್ತದೆ. ಮುರಿದ ಭಾಗ ಒಳಸರಿದು ನಿಲ್ಲುವಂತೆ ವಿನ್ಯಾಸ ಮಾಡಿದರೆ ಛಂದಸ್ಸು ಉಳಿಯುತ್ತದೆ. ಸಿಜಿಲ್, ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶಗಳಲ್ಲಿ ಇದನ್ನೆಲ್ಲ ಮಾಡಬಹುದು. ಕೊನೆಗೆ ಇಪಬ್‌ಚೆಕ್‌ನಲ್ಲಿ ಪರೀಕ್ಷೆ.

ಯಾವ ಪುಸ್ತಕವನ್ನು ಹೀಗೆ ಹಂಚಬಹುದು ಎಂಬುದಕ್ಕೆ ಕಾನೂನಿದೆ. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗಳಿಗೆ ಭಾರತದಲ್ಲಿ ಅವರ ನಿಧನದ ನಂತರ 60 ವರ್ಷ ಹಕ್ಕುಸ್ವಾಮ್ಯ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಅಂಥ ಕೃತಿಗಳು ಈಗ ಎಲ್ಲರವು. 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರ ಕೊನೆಯವರೆಗೆ ಹಕ್ಕುದಾರರವು.

ಕಲಿಯಬಯಸುವವರಿಗೆ ಕನ್ನಡ ವಿಕಿಸೋರ್ಸ್ ಒಳ್ಳೆಯ ಜಾಗ. ಎಡಕ್ಕೆ ಪಠ್ಯ, ಬಲಕ್ಕೆ ಮೂಲಪುಟದ ಚಿತ್ರ ಇಟ್ಟುಕೊಂಡು ಸ್ವಯಂಸೇವಕರು ಅಲ್ಲಿ ತಿದ್ದುತ್ತಾರೆ. ಒಬ್ಬರು ಕರಡು ತಿದ್ದಿದ ಪುಟಕ್ಕೆ ಹಳದಿ ಗುರುತು. ಬೇರೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಹಸಿರು. ಸಿದ್ಧವಾದ ಪುಸ್ತಕವನ್ನು ಇಪಬ್ ಆಗಿ ಇಳಿಸಿಕೊಳ್ಳಬಹುದು.

ಯಂತ್ರಗಳು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿವೆ, ನಿಜ. ಆದರೂ ಕನ್ನಡ ಬಲ್ಲವರು ಕೂತು ಸಾಲುಸಾಲನ್ನು ಓದದ ಹೊರತು ಕಡತ ಪುಸ್ತಕವಾಗದು. ಆ ಓದಿಗೆ ಪ್ರಕಾಶಕರು ಹಣ ಎತ್ತಿಡಬೇಕು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಅದರಲ್ಲಿ ಪಳಗಿಸಬೇಕು, ಮಾಡಿದವರ ಹೆಸರು ಪುಸ್ತಕದಲ್ಲಿ ಅಚ್ಚಾಗಬೇಕು.