ಬೇಸಿಗೆಯ ಹಂಪಿ ಪ್ರವಾಸ: ಕಡಿಮೆ ದರದ ನಿಜವಾದ ಲೆಕ್ಕ

ಮಾರ್ಚ್ 31ರ ಲೆಕ್ಕಪತ್ರಗಳ ಮುಕ್ತಾಯ ಮತ್ತು ಮಕ್ಕಳ ಬೇಸಿಗೆ ರಜೆ ಒಂದರ ಹಿಂದೆ ಒಂದು ಬರುವುದರಿಂದ, ವರ್ತಕ ಕುಟುಂಬಗಳು ಪ್ರವಾಸದ ಆಲೋಚನೆ ಮಾಡುವುದು ಏಪ್ರಿಲ್-ಮೇ ತಿಂಗಳಿನಲ್ಲಿಯೇ. ಇದೇ ಅವಧಿಯಲ್ಲಿ ಹಂಪಿ-ಹೊಸಪೇಟೆ ಭಾಗದ ಹೋಟೆಲುಗಳು ಸಾಮಾನ್ಯವಾಗಿ ಕೊಠಡಿ ದರವನ್ನು ಇಳಿಸುತ್ತವೆ. ಈ ಇಳಿಕೆ ನಿಜವಾದ ಉಳಿತಾಯವೇ ಎಂಬುದನ್ನು ವ್ಯಾಪಾರದ ದೃಷ್ಟಿಯಿಂದ ಪರಿಶೀಲಿಸುವುದು ಸೂಕ್ತ.

ದರ ಇಳಿಯಲು ಕಾರಣ ಸರಳ. ಹಾಸನ ನಗರ ಸಮುದ್ರಮಟ್ಟದಿಂದ 950 ಮೀಟರಿಗೂ ಎತ್ತರದಲ್ಲಿದ್ದರೆ, ಹಂಪಿಯ ಎತ್ತರ ಅದರ ಸುಮಾರು ಅರ್ಧದಷ್ಟು ಮಾತ್ರ. ಬಂಡೆಗಳ ಆ ಪ್ರದೇಶದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳಕ್ಕೆ ಪ್ರವಾಸಿಗರು ಹೆಚ್ಚಾಗಿ ಬರುವುದು ಚಳಿಗಾಲದಲ್ಲಿ. ಆದರೆ ಸಾಲದ ಬಡ್ಡಿ, ಕಾಯಂ ನೌಕರರ ಸಂಬಳ ಮುಂತಾದ ಸ್ಥಿರ ವೆಚ್ಚಗಳು ಹೋಟೆಲಿಗೆ ವರ್ಷವಿಡೀ ತಪ್ಪವು. ಇಂದು ರಾತ್ರಿ ಖಾಲಿ ಉಳಿದ ಕೊಠಡಿಯನ್ನು ನಾಳೆಗೆ ದಾಸ್ತಾನು ಮಾಡಿಡಲಾಗದು. ಚರ ವೆಚ್ಚಕ್ಕಿಂತ ಹೆಚ್ಚು ಬಂದಷ್ಟೂ ಸ್ಥಿರ ವೆಚ್ಚಕ್ಕೆ ನೆರವಾಗುತ್ತದೆ. ಯಂತ್ರ ಸುಮ್ಮನೆ ನಿಂತಿರುವಾಗ ಕಡಿಮೆ ಕೂಲಿಗೆ ಕೆಲಸ ಹಿಡಿಯುವ ಸಣ್ಣ ಕೈಗಾರಿಕೋದ್ಯಮಿಗೆ ಈ ತತ್ವ ಹೊಸದಲ್ಲ.

ದರ ಇಳಿಕೆಯೊಡನೆ ತೆರಿಗೆಯೂ ಇಳಿಯಬಹುದು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇಕಡ 5. ಅದನ್ನು ಮೀರಿದರೆ ಶೇಕಡ 18. ಇಲ್ಲಿ ಗಣನೆಗೆ ಬರುವುದು ಮುದ್ರಿತ ದರವಲ್ಲ, ವಾಸ್ತವವಾಗಿ ವಸೂಲು ಮಾಡಿದ ಬಾಡಿಗೆ. ಉದಾಹರಣೆಗೆ, ಚಳಿಗಾಲದಲ್ಲಿ 9,000 ರೂಪಾಯಿಯ ಕೊಠಡಿಗೆ ತೆರಿಗೆ ಸೇರಿ 10,620 ರೂಪಾಯಿ ಆಗುತ್ತದೆ. ಅದೇ ಕೊಠಡಿ ಬೇಸಿಗೆಯಲ್ಲಿ 7,000 ರೂಪಾಯಿಗೆ ದೊರೆತರೆ ಒಟ್ಟು 7,350 ರೂಪಾಯಿ. ಬಾಡಿಗೆಯ ಇಳಿಕೆ 2,000. ಉಳಿಯುವುದು 3,270 ರೂಪಾಯಿ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಚಳಿಗಾಲದಲ್ಲಿ ದಿನಕ್ಕೆ 8 ಗಂಟೆ ಸುತ್ತಾಡಬಹುದಾದರೆ, ಬೇಸಿಗೆಯಲ್ಲಿ ಬೆಳಿಗ್ಗೆ 3, ಸಂಜೆ 2, ಒಟ್ಟು 5 ಗಂಟೆ ದಕ್ಕೀತು. ಎರಡು ದಿನದಲ್ಲಿ ನೋಡುವಷ್ಟನ್ನು ನೋಡಲು ಮೂರು ದಿನ ಬೇಕು. ಎರಡು ರಾತ್ರಿಗೆ 21,240 ರೂಪಾಯಿ ಆಗುವ ಕಡೆ ಮೂರು ರಾತ್ರಿಗೆ 22,050 ರೂಪಾಯಿ ಆಗುತ್ತದೆ. ಒಂದು ದಿನದ ಊಟ ಹಾಗೂ ವಾಹನದ ವೆಚ್ಚ ಪ್ರತ್ಯೇಕ. ಕೊಠಡಿಯ ಖರ್ಚೊಂದೇ ಸರಿಹೊಂದಬೇಕಾದರೂ ಬಾಡಿಗೆ ಸುಮಾರು 6,700 ರೂಪಾಯಿಗೆ ಇಳಿಯಬೇಕು. ಶೇಕಡವಾರು ರಿಯಾಯಿತಿಗಿಂತ ಒಟ್ಟು ವೆಚ್ಚವನ್ನು ನೋಡಬೇಕೆಂಬುದು ಇದರ ಅರ್ಥ. ಮಧ್ಯಾಹ್ನದ ಹೊತ್ತನ್ನು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಂತಹ ನೆರಳಿನ ಸ್ಥಳಕ್ಕೆ ಮೀಸಲಿಟ್ಟರೆ ದಿನ ಸ್ವಲ್ಪಮಟ್ಟಿಗೆ ಉಪಯುಕ್ತವಾಗುತ್ತದೆ. ಶುಕ್ರವಾರ ಅದಕ್ಕೆ ರಜೆ. ವೃದ್ಧರು, ಚಿಕ್ಕ ಮಕ್ಕಳು ಹಾಗೂ ರಕ್ತದೊತ್ತಡ, ಹೃದ್ರೋಗವುಳ್ಳವರು ಜೊತೆಗಿದ್ದರೆ ಎಷ್ಟೇ ರಿಯಾಯಿತಿ ಇದ್ದರೂ ಪ್ರವಾಸವನ್ನು ಚಳಿಗಾಲಕ್ಕೆ ಮುಂದೂಡುವುದೇ ಲೇಸು. ಬಿಸಿಲಿನ ಆಘಾತದ ಆಸ್ಪತ್ರೆ ಖರ್ಚು ಯಾವ ಉಳಿತಾಯವನ್ನೂ ನುಂಗಿಬಿಡುತ್ತದೆ.

ದಿನಾಂಕದ ಆಯ್ಕೆಯೂ ಮುಖ್ಯ. ಮಾಸಿಕ ಜಿಎಸ್‌ಟಿ 3ಬಿ ನಮೂನೆಗೆ ಏಪ್ರಿಲ್ 20, ತ್ರೈಮಾಸಿಕದವರಿಗೆ 22, ಮಾರ್ಚ್ ತಿಂಗಳಿನ ಟಿಡಿಎಸ್ ಪಾವತಿಗೆ ಏಪ್ರಿಲ್ 30 ಗಡುವು. ಮೇ ತಿಂಗಳಿನಲ್ಲಿ ಹಾಸನದ ಮಾರುಕಟ್ಟೆಗೆ ಜಲಂಧರದ ಬಿತ್ತನೆ ಆಲೂಗೆಡ್ಡೆ ಬಂದರೆ, ಕಟ್ಟಾಯದಿಂದ ಅರಕಲಗೂಡಿನವರೆಗಿನ ಬೀಜ-ಗೊಬ್ಬರದ ವರ್ತಕರಿಗೆ ಬಿಡುವಿರದು. ಹೋಟೆಲಿನ ಬಿಡುವಿನ ಕಾಲ ವರ್ತಕನಿಗೂ ಬಿಡುವಿನ ಕಾಲವಾಗಿರಬೇಕು. ಇಲ್ಲವಾದಲ್ಲಿ ತಪ್ಪಿಹೋದ ವ್ಯಾಪಾರವನ್ನೂ ಪ್ರವಾಸದ ವೆಚ್ಚಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.

ಕೊನೆಯದಾಗಿ ಲೆಕ್ಕಪುಸ್ತಕದ ವಿಚಾರ. ಕುಟುಂಬ ಪ್ರವಾಸದ ಖರ್ಚು ಮಾಲೀಕರ ಸ್ವಂತ ಖರ್ಚು. ಅದನ್ನು ಡ್ರಾಯಿಂಗ್ಸ್ ಖಾತೆಗೆ ಹಾಕಬೇಕೇ ಹೊರತು ಅಂಗಡಿಯ ಪ್ರಯಾಣ ವೆಚ್ಚಕ್ಕಲ್ಲ. ಅದರ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ಇಲ್ಲ. ಬಟ್ಟೆ ವರ್ತಕರು ಅದೇ ಪ್ರಯಾಣದಲ್ಲಿ ಬಳ್ಳಾರಿಗೆ ತೆರಳಿ ಸಿದ್ಧ ಉಡುಪು ಖರೀದಿಸಿದರೆ, ಆ ಭಾಗದ ಖರ್ಚನ್ನು ಮಾತ್ರ ಪ್ರತ್ಯೇಕ ಬಿಲ್ಲುಗಳೊಡನೆ ವ್ಯಾಪಾರದ ಖರ್ಚಾಗಿ ತೋರಿಸಬಹುದು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೂ ಮೀರಿ ನಗದಾಗಿ ಪಾವತಿಸಿದ ಖರ್ಚು ಸಾಮಾನ್ಯವಾಗಿ ಆದಾಯ ತೆರಿಗೆಯಲ್ಲಿ ಮಾನ್ಯವಾಗದು. ಆದುದರಿಂದ ಕೊಠಡಿ ಕಾಯ್ದಿರಿಸುವ ಮುನ್ನ ತೆರಿಗೆ ಸಹಿತ ದರ, ತಂಗುವ ದಿನಗಳು ಮತ್ತು ಜೊತೆಯಲ್ಲಿ ಬರುವವರ ಆರೋಗ್ಯ, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ನೋಡುವುದು ಒಳಿತು.